ಇರುವೆ ವೇಷದ ಜೇಡ: ಹುಡುಕುವುದು, ಗುರುತಿಸುವುದು, ದಾಖಲಿಸುವುದು ಹೇಗೆ?

"ಮಾವಿನ ಎಲೆಯ ಮೇಲೆ ಓಡುತ್ತಿದ್ದ ಕೆಂಪಿರುವೆ, ಬೆರಳು ಹತ್ತಿರ ತಂದ ಕೂಡಲೇ ನೂಲು ಬಿಟ್ಟು ಜೋತುಬಿತ್ತು. ಇದೇನು? ಫೋಟೋ ನೋಡಿ ಹೆಸರು ಹೇಳಿ." ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಮೊದಲರ್ಧಕ್ಕೆ ಉತ್ತರ ಸುಲಭ. ನೂಲು ಬಿಟ್ಟು ಜೋತುಬಿದ್ದರೆ ಅದು ಇರುವೆಯಲ್ಲ, ಜೇಡ. ತೊಡಕಿರುವುದು ಉಳಿದರ್ಧದಲ್ಲಿ. ಬರುವ ಚಿತ್ರಗಳಲ್ಲಿ ಹೆಚ್ಚಿನವು ಮೇಲಿನಿಂದ ತೆಗೆದ ಒಂದೇ ಒಂದು ಫೋಟೋ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಜಾತಿ ಹೇಳಲು ಬಹುತೇಕ ಸಾಧ್ಯವಾಗುವುದಿಲ್ಲ. ಈ ಜೇಡಗಳ ಬಗ್ಗೆ ನಮ್ಮಲ್ಲಿ ನಡೆದಿರುವ ಕೆಲಸವೂ ಕಡಿಮೆ. ಆದ್ದರಿಂದ ಸರಿಯಾಗಿ ದಾಖಲಾದ ಒಂದು ಕಾಣ್ಕೆಗೆ ನಿಜಕ್ಕೂ ಬೆಲೆ ಇದೆ. ಸರಿಯಾಗಿ ಎಂದರೆ ಏನು ಎಂಬುದನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದ್ದೇವೆ.

ಯಾವ ಜೇಡದ ಮಾತಿದು

ಜಿಗಿಯುವ ಜೇಡಗಳ ಕುಟುಂಬಕ್ಕೆ ಸಾಲ್ಟಿಸಿಡೇ ಎಂದು ಹೆಸರು. ಬಲೆ ಕಟ್ಟಿ ಕಾಯುವುದು ಇವುಗಳ ರೀತಿಯಲ್ಲ, ಕಣ್ಣಿನಿಂದ ನೋಡಿ ಬೇಟೆಯಾಡುತ್ತವೆ. ಅದರೊಳಗೆ ಇರುವೆಯ ಆಕಾರ, ಬಣ್ಣ, ನಡಿಗೆ ಮೂರನ್ನೂ ತಳೆದಿರುವ ಒಂದು ಗುಂಪಿದೆ. ಹಳೆಯ ಪುಸ್ತಕಗಳಲ್ಲಿ ಆ ಗುಂಪಿನ ಹೆಚ್ಚಿನ ಜೇಡಗಳನ್ನು ಮಿರ್ಮಾರಾಕ್ನೆ ಎಂಬ ಒಂದೇ ಕುಲಕ್ಕೆ, ಅಂದರೆ ಹತ್ತಿರದ ಸಂಬಂಧವಿರುವ ಜಾತಿಗಳ ಗುಂಪಿಗೆ, ಸೇರಿಸಿದ್ದರು. 2016ರಲ್ಲಿ ಈ ಕುಲವನ್ನು ಒಡೆದು ಹಲವು ಕುಲ ಮಾಡಿದರು. ಹಾಗಾಗಿ ಒಂದೇ ಜೇಡಕ್ಕೆ ಎರಡು ಹೆಸರು ಕಾಣಿಸಿದರೆ ಗಾಬರಿ ಬೇಡ. ಮಿರ್ಮಾರಾಕ್ನೆ ಪ್ಲಾಟಲಿಯಾಯ್ಡಿಸ್ ಮತ್ತು ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ ಒಂದೇ ಜೇಡ, ಎರಡನೆಯದು ಈಗಿನ ಹೆಸರು. ಹುಡುಕುವಾಗ ಎರಡನ್ನೂ ಹಾಕಿ ನೋಡಿ.

ಹೊಸಬರು ಈ ಜೇಡದಿಂದಲೇ ಶುರು ಮಾಡುವುದು ಒಳ್ಳೆಯದು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಜಿಗ, ಅಂದರೆ ಮಲೆನಾಡಿನಲ್ಲಿ ಚಟ್ನಿಯೂ ಆಗುವ ಚಗಳಿ, ಇದರ ಮಾದರಿ ಇರುವೆ. ಜೇಡವನ್ನು ಮೊದಲು ವಿವರಿಸಿದ್ದು 1869ರಲ್ಲಿ. ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೂ ಇದು ಹರಡಿದೆ. ಹೆಣ್ಣು 6–7 ಮಿಲಿಮೀಟರ್ ಉದ್ದ. ಗಂಡು ದವಡೆ ಸೇರಿ 9–12 ಮಿ.ಮೀ.

ಬೇಕಾಗುವ ಸಾಮಾನು

ದುಬಾರಿ ವಸ್ತು ಯಾವುದೂ ಬೇಡ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮೊಬೈಲು, ಅದಕ್ಕೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸು, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಂದೆರಡು, ಚಿತ್ರ ಬರೆಯುವ ಸಣ್ಣ ಮೆತ್ತನೆಯ ಬ್ರಷ್, ಒಂದು ಹಾಳೆ ಗ್ರಾಫ್ ಕಾಗದ, ಬಿಳಿ ಬಟ್ಟೆ ಅಥವಾ ತಿಳಿಬಣ್ಣದ ಹಳೆಯ ಕೊಡೆ, ಪೆನ್ಸಿಲು, ನೋಟ್‌ಪುಸ್ತಕ. ಡಬ್ಬಿಯ ಮೇಲೆ ಗೀರು ಇರಬಾರದು, ಏಕೆಂದರೆ ಅದರ ಮೂಲಕವೇ ಫೋಟೋ ತೆಗೆಯಬೇಕು. ಗ್ರಾಫ್ ಕಾಗದದ ಸಣ್ಣ ಚೌಕ 1 ಮಿ.ಮೀ. ಇರುತ್ತದೆ. ಅಳತೆಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಪೂರ್ತಿ ಪಾದ ಮುಚ್ಚುವ ಬೂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ. ಕೆಂಜಿಗಕ್ಕೆ ಚುಚ್ಚುವ ಕೊಂಡಿ ಇಲ್ಲ. ಅದು ಕಚ್ಚಿ ಗಾಯದ ಮೇಲೆ ಫಾರ್ಮಿಕ್ ಆಮ್ಲ ಸಿಡಿಸುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಹಂತ 1: ಮೊದಲು ಇರುವೆಯನ್ನು ಹುಡುಕಿ

ಜೇಡವನ್ನೇ ಹುಡುಕುತ್ತ ಹೋದರೆ ಸಿಗುವುದಿಲ್ಲ, ಇರುವೆ ಇರುವ ಮರ ಹುಡುಕಬೇಕು. ಕೆಂಜಿಗದ ಗೂಡು ಮಾವು, ಗೇರು, ಹಲಸು, ಪೇರಲೆ, ಸಪೋಟ ಮರಗಳಲ್ಲಿ ಸುಲಭವಾಗಿ ಕಾಣುತ್ತದೆ. ಎಲೆಗಳು ಬಿಳಿ ರೇಷ್ಮೆಯಿಂದ ಅಂಟಿಕೊಂಡು ಚೆಂಡಿನಂತಾಗಿರುತ್ತವೆ. ಆ ರೇಷ್ಮೆ ಇರುವೆಯ ಮರಿಹುಳುಗಳದ್ದು. ಕರಾವಳಿ, ಮಲೆನಾಡಿನ ತೋಟಗಳಷ್ಟೇ ಅಲ್ಲ, ಬೆಂಗಳೂರಿನ ಪಾರ್ಕುಗಳಲ್ಲೂ ಈ ಇರುವೆ ಇದೆ.

ಗೂಡಿನ ಹತ್ತಿರ ಹೋಗಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಇದೇ. ಜೇಡ ಗೂಡಿನ ಒಳಗೆ ಇರುವುದಿಲ್ಲ, ಇರುವೆಗಳ ಸಾಲಿನಲ್ಲೂ ಬೆರೆಯುವುದಿಲ್ಲ. ಇರುವೆಯ ಕೈಗೆ ಸಿಕ್ಕರೆ ಅದಕ್ಕೂ ಉಳಿಗಾಲವಿಲ್ಲ. ವೇಷ ಇರುವುದು ಹಕ್ಕಿ, ಹಲ್ಲಿ, ಕಣಜಗಳಂಥ ಕಣ್ಣಿರುವ ಬೇಟೆಗಾರರನ್ನು ಮೋಸಗೊಳಿಸಲು. ವಾಸನೆಯಿಂದ ಲೋಕವನ್ನು ಅರಿಯುವ ಇರುವೆಯ ಎದುರು ಆ ವೇಷ ನಡೆಯದು. ಆದ್ದರಿಂದ ಇರುವೆ ಓಡಾಡುವ ಮರದಲ್ಲೇ, ಆದರೆ ಸಾಲಿನಿಂದ ಸ್ವಲ್ಪ ಆಚೆ, ಎದೆಯೆತ್ತರದ ಕೊಂಬೆಗಳ ಎಲೆಗಳನ್ನು ನೋಡಿ. ಪಕ್ಕದ ದಾಸವಾಳ, ಕೇಪಳದ ಗಿಡಗಳನ್ನೂ ಬಿಡಬೇಡಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಹುಡುಕುವುದು ಒಳ್ಳೆಯದು. ಮಳೆ ಸುರಿಯುವಾಗ ಹೋದರೆ ದಂಡ. ಔಷಧಿ ಹೊಡೆದ ತೋಟದಲ್ಲಿ ಹುಡುಕಿ ಸಿಗದಿದ್ದರೆ "ಇಲ್ಲಿ ಜೇಡವಿಲ್ಲ" ಎಂದು ಬರೆದುಕೊಳ್ಳಬೇಡಿ. ಸಿಂಪಡಣೆ ಯಾವಾಗ ಆಯಿತು ಎಂದು ಕೇಳಿ ಅದನ್ನೇ ಬರೆದುಕೊಳ್ಳಿ.

ಹಂತ 2: ಸಾಲು ತಪ್ಪಿದ "ಇರುವೆ"ಯನ್ನು ಗಮನಿಸಿ

ಒಂದೇ ಎಲೆಯ ಮೇಲೆ ಒಂಟಿಯಾಗಿ ಸುತ್ತುತ್ತಿರುವ, ಬೇರೆ ಇರುವೆ ಎದುರಾದಾಗ ಮೀಸೆ ತಾಗಿಸಿ ಮಾತನಾಡಿಸದೆ ಪಕ್ಕಕ್ಕೆ ಸರಿಯುವ, ನಿಮ್ಮ ನೆರಳು ಬಿದ್ದರೆ ಎಲೆಯ ಅಡಿಗೆ ಜಾರಿಕೊಳ್ಳುವ ಇರುವೆ ಅನುಮಾನಾಸ್ಪದ. ಕೆಂಜಿಗವಾದರೆ ನೆರಳಿಗೆ ಹೆದರಿ ಓಡುವುದಿಲ್ಲ, ತಲೆಯೆತ್ತಿ ದವಡೆ ತೆರೆದು ನಿಲ್ಲುತ್ತದೆ.

ಅನುಮಾನ ಬಂದಾಗ ಎಲೆಯ ತೊಟ್ಟನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟಿ. ಇರುವೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಇಲ್ಲವೇ ಹಾಗೇ ಬೀಳುತ್ತದೆ. ಜೇಡವಾದರೆ ನೂಲಿನಲ್ಲಿ ಜೋಲಾಡುತ್ತದೆ. ಜಿಗಿಯುವ ಜೇಡ ನಡೆಯುವಾಗಲೂ ಹಿಂದೆ ಒಂದು ನೂಲು ಎಳೆದುಕೊಂಡೇ ಹೋಗುತ್ತದೆ. ಜಿಗಿಯಲಿಲ್ಲ ಎಂಬ ಕಾರಣಕ್ಕೆ ಜೇಡವಲ್ಲ ಎಂದುಕೊಳ್ಳಬೇಡಿ. ಈ ಗುಂಪಿನವು ಪ್ರಾಣಕ್ಕೆ ಬಂದಾಗ ಮಾತ್ರ ಜಿಗಿಯುತ್ತವೆ. ಇರುವೆ ಜಿಗಿಯುವುದಿಲ್ಲವಲ್ಲ, ಜಿಗಿದರೆ ವೇಷ ಬಯಲು.

ಹಂತ 3: ಕಾಲು ಎಣಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ

ಇರುವೆಗೆ 6 ಕಾಲು, ಜೇಡಕ್ಕೆ 8 ಎಂದು ಶಾಲೆಯಲ್ಲಿ ಓದಿದ್ದೇವೆ. ತೊಂದರೆ ಏನೆಂದರೆ ಈ ಜೇಡ ಮುಂದಿನ ಎರಡು ಕಾಲುಗಳನ್ನು ಎತ್ತಿ ಕುಡಿಮೀಸೆಯಂತೆ, ಅಂದರೆ ಇರುವೆಯ ತಲೆಯ ಮೇಲಿನ ಸ್ಪರ್ಶಾಂಗದಂತೆ, ಆಡಿಸುತ್ತದೆ. ಆಗ ಎಲೆಯ ಮೇಲೆ ಊರಿದ್ದು 6 ಕಾಲು ಮಾತ್ರ. ಹಾಗೆಂದು ಯಾವಾಗಲೂ 6 ಕಾಲಿನಲ್ಲೇ ನಡೆಯುತ್ತದೆ ಎಂದಲ್ಲ. ಮಿರ್ಮಾರಾಕ್ನೆ ಫಾರ್ಮಿಕೇರಿಯಾ ಎಂಬ ಜಾತಿಯನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾದದ್ದು ಇದು: ಜೇಡ 8 ಕಾಲಿನಲ್ಲೇ ನಡೆಯುತ್ತದೆ, ನಡುನಡುವೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ನಿಂತು ಮುಂಗಾಲು ಎತ್ತುತ್ತದೆ. ನಮ್ಮ ಕಣ್ಣಿಗೆ ಆ ನಿಲುಗಡೆ ಕಾಣುವುದಿಲ್ಲ, ಸದಾ ಮೀಸೆ ಆಡಿಸುತ್ತ ನಡೆದಂತೆ ಕಾಣುತ್ತದೆ.

ಹಾಗಾಗಿ ಕಾಲಿನ ಜೊತೆ ಇವನ್ನೂ ನೋಡಿ.

ಮೀಸೆ: ಇರುವೆಯ ಕುಡಿಮೀಸೆ ಮೊಣಕೈಯಂತೆ ಒಂದು ಕಡೆ ಚೂಪಾಗಿ ಮಡಿಚಿರುತ್ತದೆ, ಹುಟ್ಟುವುದು ತಲೆಯಿಂದ. ಜೇಡದ ಎತ್ತಿದ ಕಾಲು ತಲೆಯ ಹಿಂದಿನ ಭಾಗದಿಂದ ಹೊರಡುತ್ತದೆ.

ಕಣ್ಣು: ಮುಖದ ನಡುವೆ ಎರಡು ದೊಡ್ಡ ಕಣ್ಣು, ಹೊಳೆಯುವ ಗಾಜಿನ ಗುಂಡಿನಂತೆ. ಒಟ್ಟು ಕಣ್ಣು 8. ಪ್ಲಾಟಲಿಯಾಯ್ಡಿಸ್‌ನಲ್ಲಿ ತಲೆಯ ಎರಡೂ ಬದಿಗೆ ಕಪ್ಪು ಮಚ್ಚೆ ಇದ್ದು, ದೂರದಿಂದ ಅದು ಇರುವೆಯ ಕಣ್ಣಿನಂತೆಯೇ ಕಾಣುತ್ತದೆ. ಪಕ್ಕದಿಂದ ನೋಡಿದರೆ ಮೋಸ ಹೋಗುವುದು ಖಂಡಿತ, ಎದುರಿನಿಂದ ನೋಡಿ.

ಸೊಂಟ: ಜೇಡದ ದೇಹದಲ್ಲಿ ಎರಡೇ ಭಾಗ. ತಲೆ ಎದೆ ಕೂಡಿರುವ ಮುಂಭಾಗಕ್ಕೆ ಶಿರೋವಕ್ಷ, ಹಿಂಭಾಗಕ್ಕೆ ಉದರ ಎನ್ನುತ್ತಾರೆ. ಇಲ್ಲಿ ಶಿರೋವಕ್ಷದ ನಡುವೆ ಒಂದು ಇಡುಕು ಇದ್ದು ತಲೆ ಬೇರೆ, ಎದೆ ಬೇರೆ ಎಂಬ ಭ್ರಮೆ ಬರುತ್ತದೆ. ಕೆಲವು ಜಾತಿಗಳಲ್ಲಿ ಆ ಜಾಗದಲ್ಲಿ ಬಿಳಿ ಕೂದಲಿನ ಪಟ್ಟಿಯೂ ಇದ್ದು, ಇಡುಕು ಇನ್ನೂ ಆಳವಿದ್ದಂತೆ ತೋರುತ್ತದೆ.

ಹಂತ 4: ಗಂಡೋ ಹೆಣ್ಣೋ ಮರಿಯೋ, ಅದನ್ನು ಮೊದಲು ಹೇಳಿ

ಜಾತಿಯ ಹೆಸರಿಗೆ ಕೈಹಾಕುವ ಮೊದಲು ಇದು ಗೊತ್ತಾಗಬೇಕು. ಬಲಿತ ಗಂಡಿನ ಕೆಲಿಸೆರಾ ಮುಂದಕ್ಕೆ ಉದ್ದವಾಗಿ ಚಾಚಿರುತ್ತದೆ. ಕೆಲಿಸೆರಾ ಎಂದರೆ ವಿಷದ ಹಲ್ಲು ಕೂತಿರುವ ದವಡೆಯಂಥ ಅಂಗ. ನೋಡಿದವರಿಗೆ ಒಂದು ಇರುವೆ ಇನ್ನೊಂದು ಸಣ್ಣ ಇರುವೆಯನ್ನು ಬಾಯಲ್ಲಿ ಹೊತ್ತು ಹೋಗುತ್ತಿರುವಂತೆ ಕಾಣುತ್ತದೆ. ಇದು ಬರೀ ನಮ್ಮ ಕಲ್ಪನೆಯಲ್ಲ. ಇರುವೆಯನ್ನೇ ತಿನ್ನುವ ಕೆಲವು ಜೇಡಗಳು ಹೊರೆ ಹೊತ್ತ ಇರುವೆಯನ್ನು ಆರಿಸಿ ಹಿಡಿಯುತ್ತವೆ, ಬಾಯಿ ತುಂಬಿದ ಇರುವೆ ಕಚ್ಚಲಾರದಲ್ಲ. ಈ ಗಂಡುಗಳು ಅವುಗಳ ಕಣ್ಣಿಗೂ ಹೊರೆ ಹೊತ್ತ ಇರುವೆಯಾಗಿಯೇ ಕಂಡು ಬಲಿಯಾಗುತ್ತವೆ ಎಂದು ಪ್ರಯೋಗಗಳಿಂದ ತಿಳಿದಿದೆ. ದವಡೆಗೆ ತೆರುವ ಬೆಲೆ ಇನ್ನೊಂದೂ ಇದೆ. ಪ್ಲಾಟಲಿಯಾಯ್ಡಿಸ್ ಗಂಡಿನ ಹಲ್ಲಿನಲ್ಲಿ ವಿಷ ಹರಿಯುವ ನಾಳವಿಲ್ಲ. ಬೇಟೆಯನ್ನು ಅದು ಹಲ್ಲಿನಿಂದ ಚುಚ್ಚಿ ಹಿಡಿಯಬೇಕು.

ಹೆಣ್ಣಿನಲ್ಲಿ ದವಡೆ ಗಿಡ್ಡ. ಬಾಯಿಯ ಇಕ್ಕೆಲದಲ್ಲಿರುವ ಸಣ್ಣ ಕೈಯಂಥ ಅಂಗ, ಪೆಡಿಪಾಲ್ಪ್, ಹೆಣ್ಣಿನಲ್ಲಿ ತುದಿ ಚಪ್ಪಟೆಯಾಗಿ ಅಗಲವಾಗಿರುತ್ತದೆ. ಬಲಿತ ಗಂಡಿನಲ್ಲಿ ಅದರ ತುದಿಯಲ್ಲಿ ವೀರ್ಯ ಸಾಗಿಸುವ ಗಂಟು ಇರುತ್ತದೆ.

ಇಲ್ಲಿ ಎಡವುವವರು ಬಹಳ. ಗಂಡಿನ ಉದ್ದ ದವಡೆ ಬರುವುದು ಕೊನೆಯ ಪೊರೆ ಕಳಚಿದ ಮೇಲೆ. ಅದಕ್ಕೆ ಮೊದಲು ಎಳೆಯ ಗಂಡು ಹೆಣ್ಣಿನಂತೆಯೇ ಇರುತ್ತದೆ. ಮರಿಗಳ ವಿಷಯ ಇನ್ನೂ ಗೋಜಲು. ದೊಡ್ಡದಾದ ಮೇಲೆ ಕೆಂಜಿಗವನ್ನು ಹೋಲುವ ಜೇಡ, ಮರಿಯಿದ್ದಾಗ ಬೇರೆಯೇ ಸಣ್ಣ ಇರುವೆಯಂತೆ ಇರಬಹುದು. ಬೆಳೆದಂತೆ ಮಾದರಿಯೂ ಬದಲಾಗುತ್ತದೆ. 3–4 ಮಿ.ಮೀ. ಜೇಡ ಸಿಕ್ಕಿದರೆ "ಮರಿ" ಎಂದು ಬರೆದು ಕುಲದ ಮಟ್ಟದಲ್ಲೇ ನಿಲ್ಲಿಸಿ.

ಹಂತ 5: ಡಬ್ಬಿಗೆ ತೆಗೆದುಕೊಳ್ಳುವುದು

10 ಪಟ್ಟಿನ ಲೆನ್ಸು ಕೆಲಸ ಮಾಡುವುದು ವಸ್ತುವಿನಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿ. ಅಷ್ಟು ಹತ್ತಿರ ಫೋನು ಹೋದರೆ ಜೇಡ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಅದು ಎಲೆಯ ಮೇಲಿರುವಾಗಲೇ ದೂರದಿಂದ ಒಂದೆರಡು ಚಿತ್ರ ತೆಗೆದು, ಆಮೇಲೆ ಡಬ್ಬಿಗೆ ತನ್ನಿ.

ಡಬ್ಬಿಯನ್ನು ಎಲೆಯ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿದು, ಬ್ರಷ್‌ನಿಂದ ಜೇಡದ ಮುಂದೆ ಗಾಳಿ ಆಡಿಸಿದಂತೆ ಮಾಡಿ. ಅದೇ ಇಳಿಯುತ್ತದೆ. ಬ್ರಷ್ ಮೈಗೆ ತಾಗಿಸಿ ನೂಕಬಾರದು, ಚಿಮುಟ ಮುಟ್ಟಿಸಲೇಬಾರದು. ಹೆದರಿದ ಜೇಡ ಕಾಲು ಕಳಚಿ ಓಡುತ್ತದೆ. ನಂತರ 7 ಕಾಲಿನ ಫೋಟೋ ಇಟ್ಟುಕೊಂಡು ಗುರುತಿಸುವವರ ಜೊತೆ ವಾದಿಸಬೇಕಾಗುತ್ತದೆ.

ಎತ್ತರದ ಕೊಂಬೆಯಾದರೆ ಕೆಳಗೆ ಕೊಡೆ ತಲೆಕೆಳಗು ಹಿಡಿದು, ಕೊಂಬೆಗೆ ಕೋಲಿನಿಂದ ಎರಡು ಪೆಟ್ಟು ಕೊಡುವುದುಂಟು. ಕೆಂಜಿಗದ ಮರದಲ್ಲಿ ಮಾತ್ರ ಇದನ್ನು ಮಾಡಬೇಡಿ. ಕೊಡೆಗೆ ಜೇಡ ಒಂದು ಬಿದ್ದರೆ ಇರುವೆ ಇನ್ನೂರು ಬೀಳುತ್ತವೆ.

ಡಬ್ಬಿಯನ್ನು ಬಿಸಿಲಿನಲ್ಲಿ ಇಡಬೇಡಿ, ಮುಚ್ಚಿದ ಪ್ಲಾಸ್ಟಿಕ್ ನಿಮಿಷಗಳಲ್ಲಿ ಕಾಯುತ್ತದೆ. ಒಂದೇ ಡಬ್ಬಿಗೆ ಜೇಡ ಮತ್ತು ಇರುವೆ ಎರಡನ್ನೂ ಹಾಕಬೇಡಿ, ಇರುವೆ ಅದನ್ನು ಬಿಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವ ಸಲಹೆ ಅಲ್ಲಲ್ಲಿ ಕಾಣಿಸುತ್ತದೆ. ಬೇಡ, ಪ್ರಾಣಿಗೂ ಹಿಂಸೆ, ಚಿತ್ರದಲ್ಲಿ ಕಾಲು ಮುದುರಿ ಭಂಗಿಯೂ ಕೆಡುತ್ತದೆ. 10–15 ನಿಮಿಷದಲ್ಲಿ ಕೆಲಸ ಮುಗಿಸಿ, ಸಿಕ್ಕಿದ ಎಲೆಯ ಮೇಲೆಯೇ ಬಿಡಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಡಬ್ಬಿ ತೆರೆಯಲೇಬೇಡಿ. ಅಲ್ಲಿ ಎಲೆಯ ಮೇಲಿನ ಚಿತ್ರವಷ್ಟೇ ಸಾಕು.

ಹಂತ 6: ಐದು ಚಿತ್ರ, ಒಂದು ವಿಡಿಯೊ

ಇದೇ ಮುಖ್ಯ ಹಂತ. ಬೇರೆಲ್ಲ ಮರೆತರೂ ಈ ಆರು ತಪ್ಪಿಸಬೇಡಿ.

1) ಮೇಲಿನಿಂದ, ಗ್ರಾಫ್ ಕಾಗದದ ಮೇಲೆ ಡಬ್ಬಿ ಇಟ್ಟು. ಉದ್ದ ಇದರಿಂದ ಸಿಗುತ್ತದೆ. ಚೌಕಗಳೂ ಸ್ಪಷ್ಟವಾಗಿ ಕಾಣಬೇಕು.

2) ಪಕ್ಕದಿಂದ. ತಲೆ ಎದೆಗಿಂತ ಎತ್ತರದಲ್ಲಿದೆಯೇ, ಸೊಂಟ ಎಷ್ಟು ಉದ್ದ, ಇಡುಕು ಎಲ್ಲಿದೆ ಎಂಬುದು ಮೇಲಿನ ಚಿತ್ರದಲ್ಲಿ ಕಾಣುವುದಿಲ್ಲ. ಕುಲ ಗುರುತಿಸಲು ಬೇಕಾದದ್ದು ಇದೇ.

3) ಎದುರಿನಿಂದ. ಕಣ್ಣಿನ ಸಾಲು, ದವಡೆ, ಪೆಡಿಪಾಲ್ಪ್ ಮೂರೂ ಇರಲಿ.

4) ಅಡಿಯಿಂದ, ಡಬ್ಬಿಯ ತಳದ ಮೂಲಕ. ಬಲಿತ ಹೆಣ್ಣಿನ ಹೊಟ್ಟೆಯಡಿಯಲ್ಲಿ, ಸೊಂಟದ ಹತ್ತಿರ, ಎಪಿಜೈನ್ ಎಂಬ ಗಟ್ಟಿ ಫಲಕವಿದೆ. ಅದು ಸಂತಾನ ರಂಧ್ರದ ಮುಚ್ಚಳ. ಗಂಡಿನ ಪೆಡಿಪಾಲ್ಪ್ ಗಂಟು ಮತ್ತು ಹೆಣ್ಣಿನ ಈ ಫಲಕ ಜಾತಿಯಿಂದ ಜಾತಿಗೆ ಬೇರೆ. ತಜ್ಞರು ಕೊನೆಗೆ ನಂಬುವುದು ಇವೆರಡನ್ನೇ, ಅದೂ ಸೂಕ್ಷ್ಮದರ್ಶಕದ ಕೆಳಗೆ ನೋಡಿ. ಫೋನಿನ ಚಿತ್ರದಲ್ಲಿ ಫಲಕದ ವಿವರ ಬರದಿದ್ದರೂ, ಅದು ಇದೆ ಎಂದು ಕಂಡರೆ ಜೇಡ ಬಲಿತದ್ದು ಎಂದಾದರೂ ಗೊತ್ತಾಗುತ್ತದೆ.

5) ಅದೇ ಮರದ ಇರುವೆಯ ಚಿತ್ರ. ಯಾರೂ ತೆಗೆಯದ ಚಿತ್ರ ಇದು, ನಮ್ಮ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದೂ ಹೌದು. ಯಾವ ಜೇಡ ಯಾವ ಇರುವೆಯ ಜೊತೆ ಬಾಳುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕೂತು ತಿಳಿಯುವ ವಿಷಯವಲ್ಲ. ಅರ್ಧ ಮೀಟರಿನೊಳಗೆ ಓಡಾಡುವ ಎಲ್ಲ ಬಗೆಯ ಇರುವೆಗಳನ್ನೂ ತೆಗೆಯಿರಿ. ನಿಮಗೆ ಹೋಲಿಕೆ ಕಂಡದ್ದನ್ನು ಮಾತ್ರ ತೆಗೆದರೆ ತೀರ್ಪು ಮೊದಲೇ ಕೊಟ್ಟಂತಾಯಿತು.

6) ವಿಡಿಯೊ, ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚೌಕಟ್ಟು. ಮುಂಗಾಲು ಎತ್ತುವ ನಿಲುಗಡೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂದೆವಲ್ಲ, ಸಾಮಾನ್ಯ 30 ಚೌಕಟ್ಟಿನ ವಿಡಿಯೊದಲ್ಲಿ ಅದಕ್ಕೆ ಸಿಗುವುದು 3 ಚೌಕಟ್ಟು. 240ರಲ್ಲಿ 24 ಸಿಗುತ್ತವೆ. ಇದಕ್ಕೆ ಬೆಳಕು ಹೆಚ್ಚು ಬೇಕು, ನೆರಳಿನ ಮರದಡಿ ಚಿತ್ರ ಕಪ್ಪಾಗುತ್ತದೆ. ಅಂಚಿನ ಕೊಂಬೆ ಆರಿಸಿಕೊಳ್ಳಿ.

ಕ್ಯಾಮೆರಾ ಇರುವವರಿಗೆ: 90–105 ಮಿ.ಮೀ. ಮ್ಯಾಕ್ರೋ ಲೆನ್ಸು, ಎಫ್ 8ರಿಂದ 11, ಸೆಕೆಂಡಿನ 200ನೇ ಒಂದು ಭಾಗ, ಫ್ಲ್ಯಾಶಿನ ಮುಂದೆ ಬಿಳಿ ಕಾಗದದ ತೆರೆ. ತೆರೆಯಿಲ್ಲದ ಫ್ಲ್ಯಾಶು ನುಣುಪಾದ ಮೈಯಲ್ಲಿ ಬಿಳಿ ಚುಕ್ಕೆ ಮೂಡಿಸಿ, ಕೂದಲಿನ ಪಟ್ಟಿ ಯಾವುದು ಹೊಳಪು ಯಾವುದು ತಿಳಿಯದಂತೆ ಮಾಡುತ್ತದೆ.

ಹಂತ 7: ಹೋಲುವ ಬೇರೆಯವರನ್ನು ಬದಿಗಿಡಿ

ಕೆಂಜಿಗದ ಮರದಲ್ಲೇ ಇನ್ನೊಂದು ವೇಷಧಾರಿ ಇದೆ, ಅಮಿಸಿಯಾ ಫೋರ್ಟಿಸೆಪ್ಸ್. ಇದು ಏಡಿ ಜೇಡಗಳ ಕುಟುಂಬದ್ದು. ಉದರದ ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕೆ ಇದ್ದು, ಅದೇ ತಲೆ ಎಂದು ಭ್ರಮೆ ಹುಟ್ಟುತ್ತದೆ. ಮುಖದಲ್ಲಿ ದೊಡ್ಡ ಕಣ್ಣುಗಳಿಲ್ಲ, ಮೈ ಗಿಡ್ಡ. ಇದು ಇರುವೆಯನ್ನೇ ಹಿಡಿದು ತಿನ್ನುತ್ತದೆ. ನೂಲಿನಲ್ಲಿ ಇರುವೆಯ ಹೆಣ ಹಿಡಿದು ಜೋತಿರುವ "ಇರುವೆ" ಕಂಡರೆ ಮೊದಲು ಇದನ್ನು ನೆನೆಯಿರಿ.

ಕಪ್ಪು ತಲೆ, ಕೆಂಪು ಎದೆ, ಕಪ್ಪು ಹೊಟ್ಟೆಯ ಮರದ ಇರುವೆ, ಟೆಟ್ರಾಪೊನೆರಾ ರೂಫೋನೈಗ್ರಾ, ಓಡಾಡುವ ಕಾಂಡದಲ್ಲಿ ಅದೇ ಬಣ್ಣದ ಮಿರ್ಮಾರಾಕ್ನೆ ಮೆಲನೊಸೆಫಾಲಾ ಸಿಗಬಹುದು. ಇಲ್ಲಿ ಎಚ್ಚರ ಬೇಕು, ಈ ಇರುವೆಗೆ ಕೊಂಡಿ ಇದೆ. ಕಡಿತಕ್ಕೆ ಅಲರ್ಜಿ ಇರುವವರು ಆ ಮರಕ್ಕೆ ಕೈ ಊರಬಾರದು. ಕುಟುಕಿದ ಮೇಲೆ ಉಸಿರು ಕಟ್ಟಿದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜೇಡದಿಂದ ಮನುಷ್ಯರಿಗೆ ಅಪಾಯವಿಲ್ಲ.

ಪೂರ್ತಿ ಕಪ್ಪಗಿರುವ ಇರುವೆ ಜೇಡಗಳಲ್ಲಿ ಹಲವು ಜಾತಿ. ಅವನ್ನು ಫೋಟೋ ನೋಡಿ ಜಾತಿಯ ಹೆಸರಿಟ್ಟು ಕರೆಯುವವರನ್ನು ನಂಬಬೇಡಿ. ಅಲಸಂದೆ, ತೊಗರಿಯ ಮೇಲೆ ಇರುವೆಯಂತೆ ಓಡುವ ತಿಗಣೆ ಜಾತಿಯ ಮರಿಗಳೂ ಉಂಟು. ಅವಕ್ಕೆ ಚುಚ್ಚುವ ಉದ್ದ ಸೊಂಡಿಲಿದೆ, ಕಾಲು 6.

ಹಂತ 8: ದಾಖಲೆ

ಜೀವಿಗಳ ಚಿತ್ರ ಹಾಕಿ ಗುರುತಿಸುವ ಜಾಲತಾಣಗಳಿವೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಎರಡರಲ್ಲಿ ಒಂದಕ್ಕೆ ಹಾಕಿ. ಒಂದೇ ಜೇಡದ ಎಲ್ಲ ಚಿತ್ರಗಳು ಒಂದೇ ದಾಖಲೆಯಲ್ಲಿರಲಿ, ಎರಡು ಜೇಡ ಇದ್ದರೆ ಎರಡು ದಾಖಲೆ. ಇರುವೆಗೂ ಬೇರೆ ದಾಖಲೆ ಮಾಡಿ, ಟಿಪ್ಪಣಿಯಲ್ಲಿ ಒಂದರ ಲಿಂಕನ್ನು ಇನ್ನೊಂದಕ್ಕೆ ಕೊಡಿ. ದಿನಾಂಕ, ಗಂಟೆ, ಜಾಗ, ಮರದ ಹೆಸರು, ನೆಲದಿಂದ ಎತ್ತರ, ಎಲೆಯ ಮೇಲೋ ಅಡಿಯೋ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ಮನೆಗೆ ಬಂದು ಬರೆದರೆ ಎತ್ತರ ಯಾವಾಗಲೂ ತಪ್ಪುತ್ತದೆ. ಸ್ವಂತ ಮನೆಯ ಅಂಗಳವಾದರೆ ಜಾಗವನ್ನು ಮಸುಕಾಗಿಸುವ ಆಯ್ಕೆ ಇದೆ, ಬಳಸಿ.

ಆ್ಯಪ್ ತಾನಾಗಿ ಸೂಚಿಸುವ ಮೊದಲ ಹೆಸರನ್ನು ಕಣ್ಣುಮುಚ್ಚಿ ಒತ್ತಬೇಡಿ. ಹೆಚ್ಚು ಚಿತ್ರಗಳಿರುವ ಜಾತಿಯ ಕಡೆಗೇ ಅದು ವಾಲುತ್ತದೆ. ಖಚಿತವಿಲ್ಲದಿದ್ದರೆ ಸಾಲ್ಟಿಸಿಡೇ ಕುಟುಂಬ ಅಥವಾ ಅದರೊಳಗಿನ ಇರುವೆ ವೇಷದ ಜೇಡಗಳ ಮಿರ್ಮಾರಾಕ್ನಿನಿ ಗುಂಪಿನ ಮಟ್ಟದಲ್ಲಿ ಬಿಡಿ. ಕುಟುಂಬದ ಮಟ್ಟದ ಸರಿಯಾದ ದಾಖಲೆಯನ್ನು ಮುಂದೆ ಯಾರಾದರೂ ಮೇಲೇರಿಸಬಹುದು. ತಪ್ಪು ಜಾತಿಯ ಹೆಸರು ಹೊತ್ತ ದಾಖಲೆ ನಕ್ಷೆಯೊಳಗೆ ಸೇರಿಕೊಂಡರೆ ಅದನ್ನು ಹೊರಗೆಳೆಯುವುದು ಕಷ್ಟ. ಈಗ ಚಾಲ್ತಿಯಲ್ಲಿರುವ ಹೆಸರು ಯಾವುದೆಂದು ನೋಡಲು ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ಇದೆ.

ಗೂಡು ಸಿಕ್ಕರೆ

ಎಲೆಯ ಮೇಲೆ ತೆಳುವಾದ ಬಿಳಿ ರೇಷ್ಮೆಯ ಹೊದಿಕೆ, ಅದರಡಿ ಹೆಣ್ಣು ಕೂತಿದ್ದರೆ ಮುಟ್ಟಬೇಡಿ, ಎಲೆ ಕೀಳಬೇಡಿ. ಮೈ ಸಪೂರವಾದ್ದರಿಂದ ಇವು ಇಡುವ ಮೊಟ್ಟೆಯೂ ಕಡಿಮೆ. ಕೊಂಬೆಗೆ ಒಂದು ದಾರ ಕಟ್ಟಿ ಗುರುತು ಮಾಡಿ, ಎರಡು ದಿನಕ್ಕೊಮ್ಮೆ ಅದೇ ಹೊತ್ತಿಗೆ ದೂರದಿಂದ ಫೋಟೋ ತೆಗೆಯಿರಿ. ತಾಯಿ ಯಾವಾಗ ಹೊರಗಿತ್ತು, ಮರಿ ಯಾವಾಗ ಕಂಡವು, ಯಾವಾಗ ಗೂಡು ಬಿಟ್ಟವು ಎಂದು ಬರೆಯುತ್ತ ಹೋಗಿ. ಚೀನಾದ ಯುನ್ನಾನ್‌ನಲ್ಲಿ ಟಾಕ್ಸಿಯಸ್ ಮ್ಯಾಗ್ನಸ್ ಎಂಬ ಇರುವೆ ಜೇಡದ ಮರಿಗಳು ಗೂಡು ಬಿಟ್ಟು ಬೇಟೆಗೆ ಹೋಗದೆಯೂ ಬೆಳೆಯುತ್ತಿದ್ದುದನ್ನು ಕಂಡು ಬೆನ್ನುಹತ್ತಿದವರಿಗೆ ಗೊತ್ತಾದದ್ದು, ತಾಯಿ ಹಾಲಿನಂಥ ದ್ರವ ಊಡುತ್ತದೆ ಎಂಬುದು. ಹುಟ್ಟಿದ ಮೊದಲ 20 ದಿನ ಮರಿಗಳಿಗೆ ಅದೇ ಆಹಾರ. ಆ ದ್ರವದಲ್ಲಿ ಪ್ರೋಟೀನು ಹಸುವಿನ ಹಾಲಿನ ಸುಮಾರು 4 ಪಟ್ಟು. 2018ರಲ್ಲಿ ಈ ವಿಷಯ ಪ್ರಕಟವಾಯಿತು. ನಿಮ್ಮ ಮರದ ಜೇಡವೂ ಹಾಗೇ ಮಾಡುತ್ತದೆ ಎಂದು ಮೊದಲೇ ಬರೆದುಬಿಡಬೇಡಿ. ಮರಿಗಳು ಎಷ್ಟು ದಿನ ಗೂಡಿನಲ್ಲಿದ್ದವು, ಆ ದಿನಗಳಲ್ಲಿ ತಾಯಿ ಬೇಟೆ ತಂದದ್ದು ಕಂಡಿತೇ ಇಲ್ಲವೇ, ಇವೆರಡನ್ನು ದಿನಾಂಕ ಸಮೇತ ದಾಖಲೆಯ ಟಿಪ್ಪಣಿಗೆ ಸೇರಿಸಿ.